ಜಲ್ಲಿ ದಾರಿಯ ಗೇಟು

ನಮ್ಮಣ್ಣ ಮೂರು ಸಲ ಅಳೆಯದೆ ಕಬ್ಬಿಣ ಕತ್ತರಿಸಿದವನಲ್ಲ. ಊರಿನವರು ಅವನಿಗೆ ಇಟ್ಟ ಹೆಸರು ‘ಅಳತೆ’. ನನಗೆ ಇಟ್ಟದ್ದು ‘ಕಿಡಿ’. ಇಬ್ಬರದೂ ಒಂದೇ ವೆಲ್ಡಿಂಗ್ ಶಾಪು. ಅವನು ಅಳೆಯುತ್ತಾನೆ, ನಾನು ಬೆಸೆಯುತ್ತೇನೆ. ಗಿರಾಕಿ ತಕರಾರು ತೆಗೆದರೆ ಅವನು ಕೇಳಿಸಿಕೊಳ್ಳುತ್ತಾನೆ, ನಾನು ಬೈಯುತ್ತೇನೆ. ಈಗ ಹೇಳಹೊರಟಿರುವುದು ಅವನ ಕಥೆ. ಅವನು ಬರೆಯುವವನಲ್ಲ, ಮಾತಾಡುವವನಂತೂ ಅಲ್ಲವೇ ಅಲ್ಲ. ಊರಲ್ಲಿ ಜನ ಆ ಗೇಟಿನ ಬಗ್ಗೆ ಬಾಯಿಗೆ ಬಂದಂತೆ ಆಡುತ್ತಿದ್ದಾರೆ. ಅದನ್ನು ಕೇಳಿ ಕೇಳಿ ತಲೆ ಕೆಟ್ಟು ಬರೆಯಲು ಕೂತಿದ್ದೇನೆ.

ಶಾಪು ಎಂದರೆ ಒಂದು ತಗಡಿನ ಮಾಡು, ಮೂರು ಗೋಡೆ, ನಾಲ್ಕನೆಯ ಕಡೆ ಬೀದಿ. ಹಿಂದುಗಡೆಯೇ ಮನೆ. ಕೆಲಸದ ಬೆಂಚಿಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಹೀಗಾಗಿ ನಮ್ಮ ಊಟದಲ್ಲಿ ಕಬ್ಬಿಣದ ಪುಡಿ ಇರುತ್ತಿತ್ತು, ನಮ್ಮ ಕೆಲಸದಲ್ಲಿ ಅತ್ತಿಗೆಯ ಮಾತು ಇರುತ್ತಿತ್ತು. ಎರಡೂ ಹೊಟ್ಟೆಗೆ ಒಗ್ಗಿಹೋಗಿದ್ದವು.

ಬೀದಿ ಮುಗಿಯುವ ಕಡೆ ಜಲ್ಲಿ ದಾರಿ ಶುರುವಾಗುತ್ತದೆ. ಹಿಂದೆ ಅಲ್ಲಿ ಕಾಡಿನಿಂದ ಮರ ಸಾಗಿಸುವ ಸಣ್ಣ ರೈಲು ಓಡುತ್ತಿತ್ತಂತೆ. ಕಾಡು ತೆಳ್ಳಗಾದ ಮೇಲೆ ರೈಲು ನಿಂತಿತು, ಹಳಿ ಕಿತ್ತರು, ಹಳಿಯ ಕೆಳಗಿನ ಜಲ್ಲಿ ಮಾತ್ರ ಉಳಿಯಿತು. ಪುರಸಭೆಯವರು ಅದರ ಮೇಲೆ ಕಲ್ಲುಪುಡಿ ಹರಡಿ, ರೋಲರ್ ಓಡಿಸಿ, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಮಾತ್ರ ಎಂದು ಬೋರ್ಡು ನೆಟ್ಟರು. ದಾರಿ ಹೊಳೆಯ ಬೆನ್ನು ಹಿಡಿದು ಕಣಿವೆಯಲ್ಲಿ ಇಳಿಯುತ್ತದೆ, ಒಂದು ಕಡೆ ಗುಡ್ಡ ಕಡಿದ ಬರೆ, ಇನ್ನೊಂದು ಕಡೆ ನೀರು, ಆಮೇಲೆ ಪೂರಾ ಕಾಡು. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಎಲ್ಲೂ ಕಡಿದಾದ ಏರಿಲ್ಲ. ದೂರದ ಊರುಗಳಿಂದ ದಪ್ಪ ಟೈರಿನ ಸೈಕಲ್ ಹೊತ್ತು ತಂದು, ಈರುಳ್ಳಿ ಸಿಪ್ಪೆಯಂಥ ಬಿಗಿ ಬಟ್ಟೆ ಹಾಕಿಕೊಂಡು ಬರುವವರು ಬಹಳ. ಅವರಿಗೆ ಅದು ಆಟ. ನಮ್ಮ ಅತ್ತಿಗೆಗೆ ಅದು ಕೆಲಸಕ್ಕೆ ಹೋಗುವ ದಾರಿ.

ಕಾಡಿನೊಳಗೆ ಸರ್ಕಾರದ ಸಸಿತೋಟವಿದೆ. ಅತ್ತಿಗೆ ಅಲ್ಲಿ ಚೀಲಕ್ಕೆ ಮಣ್ಣು ತುಂಬಿ ಬೀಜ ಹಾಕುವ ಕೆಲಸಕ್ಕಿದ್ದರು. ಬೆಳಿಗ್ಗೆ ಸೈಕಲ್ ಹತ್ತಿದರೆ ಬಿಸಿಲು ಏರುವುದರೊಳಗೆ ಅಲ್ಲಿರುತ್ತಿದ್ದರು. ಅವರಿಗೆ ಆ ದಾರಿ ಎಷ್ಟು ಹಿಡಿಸಿತ್ತೆಂದರೆ ರಜೆಯ ದಿನವೂ ಏನೋ ಮರೆತು ಬಂದೆ ಎಂದು ನೆಪ ತೆಗೆದು ಹೊರಡುತ್ತಿದ್ದರು.

“ಅಲ್ಲಿ ಏನಿದೆ ಅತ್ತಿಗೆ, ಬರೀ ಕಲ್ಲು,” ಎಂದು ನಾನು ರೇಗಿಸಿದರೆ, “ಅಲ್ಲಿ ಯಾರೂ ಹಾರ್ನ್ ಹೊಡಿಯಲ್ಲ ಕಣೋ ಕಿಡಿ. ನಿನ್ನಂಥೋರು ಇರಲ್ಲ,” ಎನ್ನುತ್ತಿದ್ದರು.

ಆದರೆ ಹಾರ್ನ್ ಹೊಡೆಯುವವರು ಬಂದೇ ಬಂದರು. ಮೊದಲು ಕಾರುಗಳು. ಹೊಳೆ ದಂಡೆಗೆ ಮೋಜಿಗೆ ಬರುವವರು, ಬಾಟಲಿ ಒಡೆದು ಹೋಗುವವರು. ಪುರಸಭೆ ಕಂಬ ನೆಟ್ಟು ಸರಪಳಿ ಕಟ್ಟಿ ಬೀಗ ಹಾಕಿತು. ಆ ಬೀಗದ ಕೈ ನೆಗಡಿಯ ಹಾಗೆ ಊರಿಗೆಲ್ಲ ಹಬ್ಬಿತು. ಕೊನೆಗೆ ಬೀಗವೇ ಬೇಡವೆಂದು ಕಲ್ಲುಕಂಬ ನೆಟ್ಟ ಮೇಲೆ ಕಾರುಗಳು ನಿಂತವು, ಮೋಟರ್ ಬೈಕುಗಳು ಶುರುವಾದವು. ಮರಳು ಮೂಟೆ ಕಟ್ಟಿಕೊಂಡು ಹೋಗುವವರು ಒಂದು ಕಡೆ, ಸುಮ್ಮನೆ ಜಲ್ಲಿ ಹಾರಿಸಿಕೊಂಡು ಮೆರೆಯುವವರು ಇನ್ನೊಂದು ಕಡೆ. ಒಂದು ದಿನ ತಿರುವಿನಲ್ಲಿ ಒಬ್ಬ ಅತ್ತಿಗೆಯ ಸೈಕಲ್ಲಿಗೆ ಗುದ್ದಿ ನಿಲ್ಲದೆ ಹೋದ. ಅತ್ತಿಗೆ ಹೊಳೆಯ ಕಡೆ ಉರುಳಿದರು. ಒಂದು ಮರದ ಬುಡ ತಡೆಯಿತು. ಎಡಗೈ ಮಣಿಕಟ್ಟು ಮುರಿಯಿತು.

ನಾನು ರಾಡು ಹಿಡಿದು ಊರೆಲ್ಲ ಆ ಬೈಕು ಹುಡುಕಿದೆ. ಅಣ್ಣ ಟೇಪು ಹಿಡಿದು ದಾರಿಯ ಬಾಯಿಗೆ ಹೋದ.

ಆ ದಾರಿಗೆ ಒಂದು ಸಮಿತಿ ಇದೆ. ಅದರ ಮುಖ್ಯಸ್ಥರು ನಮಗಿಬ್ಬರಿಗೂ ಪಾಠ ಹೇಳಿದ ಮೇಷ್ಟ್ರು. ನನಗೆ ಹೇಳಿದ್ದು ಸ್ವಲ್ಪವೇ, ನಾನು ಬೇಗ ಬಿಟ್ಟೆ. ಅವರ ಒಪ್ಪಿಗೆ ಪಡೆದು ಅಣ್ಣ ಗೇಟು ಮಾಡಿದ. ಬಾಗಿಲಿಲ್ಲದ ಗೇಟು. ಎಡಗಡೆಯಿಂದ ಒಂದು ಅಡ್ಡಪಟ್ಟಿ, ಬಲಕ್ಕೆ ಸಂದು. ಅದರ ಹಿಂದೆಯೇ ಬಲಗಡೆಯಿಂದ ಇನ್ನೊಂದು ಅಡ್ಡಪಟ್ಟಿ, ಎಡಕ್ಕೆ ಸಂದು. ಸೈಕಲ್ಲಾದರೆ ಇಳಿದು, ಹಾವಿನ ಹಾಗೆ ಬಳುಕಿಸಿ, ನಡುವೆ ತಳ್ಳಿಕೊಂಡು ಹೋಗಬಹುದು. ಬೈಕಿನ ಮೈ ಬಳುಕುವುದಿಲ್ಲ. ಕಾಡಿನ ಆ ತುದಿಯಲ್ಲೂ ಇಂಥದೇ ಒಂದು ಹಾಕಿದ. ಪಟ್ಟಿ ನಿಲ್ಲಿಸಿದ ದಿನ ನಮ್ಮ ಬೈಕನ್ನೇ ತಂದು ನುಗ್ಗಿಸಿ ನೋಡಿದ, ಆಗಲಿಲ್ಲ. ಅತ್ತಿಗೆಯ ಸೈಕಲ್ ತಂದು ನುಗ್ಗಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿತು.

ಕೈಗೆ ಪಟ್ಟಿ ಕಟ್ಟಿಕೊಂಡು ನೋಡುತ್ತ ನಿಂತಿದ್ದ ಅತ್ತಿಗೆ, “ನಿಮ್ಮಣ್ಣ ನನ್ನ ಸೈಕಲ್ಲಿಗೆ ಅಳತೆ ತಗೊಂಡು ಅಂಗಿ ಹೊಲಿದಿದಾರೆ ನೋಡು,” ಎಂದರು. ಅಣ್ಣ ನಾಚಿಕೊಂಡು ಪಟ್ಟಿಯ ಧೂಳು ಒರೆಸಿದ. ಹೆಂಡತಿಯ ಮೇಲಿನ ಪ್ರೀತಿಯನ್ನು ಅವನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಆ ಗೇಟು ನೋಡಿದ್ದೇನೆ.

ಹಲವು ವರ್ಷ ದಾರಿ ತಣ್ಣಗಿತ್ತು. ಹಕ್ಕಿಗಳು ಜಲ್ಲಿಯ ಮೇಲೆ ಕೂತು ಸೈಕಲ್ಲು ಹತ್ತಿರ ಬರುವ ತನಕ ಏಳುತ್ತಿರಲಿಲ್ಲ.

ಆಮೇಲೆ ಅತ್ತಿಗೆಗೆ ಲಕ್ವ ಹೊಡೆಯಿತು. ಒಲೆಯ ಮುಂದೆ ನಿಂತವರು ನಿಂತಲ್ಲೇ ಕುಸಿದರು. ಬಲಗೈ, ಬಲಗಾಲು ಹೋದವು. ಮುರಿದು ಕೂಡಿದ್ದ ಎಡಗೈಯೇ ಉಳಿದದ್ದು. ಮಾತು ಮೊದಲು ಮುದ್ದೆಯಾಗಿ, ನಿಧಾನಕ್ಕೆ ಬಿಡಿಸಿಕೊಂಡು ವಾಪಸು ಬಂತು. ಡಾಕ್ಟರು ಅಣ್ಣನನ್ನು ವರಾಂಡಕ್ಕೆ ಕರೆದು, ಇನ್ನೊಂದು ಸಲ ಬಂದರೆ ಕಷ್ಟ, ಯಾವಾಗ ಬರುತ್ತದೆಂದು ಹೇಳಲಾಗದು ಎಂದರು. ಅಣ್ಣ ಅತ್ತಿಗೆಗೆ ಹೇಳಲಿಲ್ಲ. ಅತ್ತಿಗೆ ಅವನ ಮುಖ ನೋಡಿಯೇ ತಿಳಿದುಕೊಂಡರು.

ಕಿಟಕಿಯ ಪಕ್ಕ ಮಂಚ ಹಾಕಿದೆವು. ಕಿಟಕಿಯಿಂದ ಕಾಣುವುದು ಎದುರುಮನೆಯ ನೀರಿನ ತೊಟ್ಟಿ. ಒಂದು ಬೆಳಿಗ್ಗೆ ಅತ್ತಿಗೆ ತೊಟ್ಟಿಯನ್ನೇ ನೋಡುತ್ತ ಹೇಳಿದರು: “ರೀ, ನನಗೆ ಆ ದಾರೀಲಿ ಹೋಗ್ಬೇಕು. ತೋಟದ ತನಕ. ಹೋಗೋದ್ರೊಳಗೆ ಹೋಗ್ಬೇಕು.”

ನಾನು ತಟ್ಟನೆ, “ಅದಕ್ಕೇನು ಅತ್ತಿಗೆ, ಇವತ್ತೇ ಕಾರು ತರ್ತೀನಿ. ಹೆದ್ದಾರೀಲಿ ಹೋದ್ರೆ ತೋಟದ ಹಿಂದಿನ ಬಾಗಿಲಿಗೇ ಬಿಡುತ್ತೆ,” ಎಂದೆ.

“ಹೆದ್ದಾರೀಲಿ ಏನು ಕಾಣುತ್ತೆ? ಲಾರಿ ಅಂಡು ಕಾಣುತ್ತೆ,” ಎಂದರು ಅತ್ತಿಗೆ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೂ ನಕ್ಕರು. “ನನಗೆ ಹೊಳೆ ಪಕ್ಕ ಹೋಗ್ಬೇಕು. ಸೈಕಲ್ಲಲ್ಲಿ.”

ಅಣ್ಣ ಎದ್ದು ಶಾಪಿಗೆ ಹೋಗಿ ಪೈಪು ಅಳೆಯತೊಡಗಿದ.

ಮೂರು ಚಕ್ರದ ಸೈಕಲ್ ಅದು. ಮುಂದೆ ಎರಡು ಚಕ್ರ, ಅವುಗಳ ನಡುವೆ ಕುರ್ಚಿ, ಹಿಂದೆ ಒಂದು ಚಕ್ರ, ಅಲ್ಲಿ ಅವನು ಕೂತು ತುಳಿಯಬೇಕು. ಸತ್ತ ಕಾಲು ಜಾರದಂತೆ ಪಾದಕ್ಕೆ ತೊಟ್ಟಿಲಿನಂಥ ಪಟ್ಟಿ, ಸೊಂಟಕ್ಕೆ ಹಳೇ ಕಾರಿನ ಬೆಲ್ಟು, ಎಡಗೈಗೆ ಹಿಡಿದುಕೊಳ್ಳಲು ಒಂದು ಹಿಡಿ. ಆ ಹಿಡಿಗೆ ಒಂದು ಗಂಟೆ. ಅತ್ತಿಗೆಯನ್ನು ಬೆಂಚಿನ ಮೇಲೆ ಕೂರಿಸಿ ಸೊಂಟದ ಅಗಲ ಅಳೆದ. “ಏನ್ರೀ, ಮದುವೇಲೂ ನೋಡದ ಹಾಗೆ ನೋಡ್ತಿದೀರಿ,” ಎಂದರು ಅತ್ತಿಗೆ. ಗೇಟಿನ ಸಂದಿಗೆ ಹೋಗಿ ಆ ಸಂದು ಅಳೆದು ಬಂದ. ಸೈಕಲ್ಲಿನ ಅಗಲ ಸಂದಿಗಿಂತ ಎರಡು ಬೆರಳು ಕಡಿಮೆ ಇಟ್ಟ. ಅವನ ಅಳತೆ ಎಂದರೆ ಅಳತೆಯೇ.

ಹೊರಟ ದಿನ ತಂಪು ಬೆಳಿಗ್ಗೆ. ನಾನು ಹಿಂದೆ ನನ್ನ ಸೈಕಲ್ಲಿನಲ್ಲಿ. ಅತ್ತಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಬೀದಿಯಲ್ಲಿ ಸಿಕ್ಕವರಿಗೆಲ್ಲ ಗಂಟೆ ಬಾರಿಸುತ್ತ ಹೋದರು. ಗೇಟಿನ ಮೊದಲ ಸಂದು ಬಂತು. ಎರಡೂ ಚಕ್ರ ಒಳಗೆ ಹೋದವು. ಅಣ್ಣನ ಮುಖದಲ್ಲಿ ಸಮಾಧಾನ ಕಂಡಿತು. ಇನ್ನು ಬಲದಿಂದ ಎಡಕ್ಕೆ ಬಳುಕಬೇಕು.

ಬಳುಕಲಿಲ್ಲ. ಕುರ್ಚಿಯ ಮುಂಭಾಗ ಎರಡನೆಯ ಪಟ್ಟಿಗೆ ತಗುಲಿತು, ಹಿಂದಿನ ಚಕ್ರ ಮೊದಲನೆಯದಕ್ಕೆ. ಹಿಂದೆ ಎಳೆದು, ಎತ್ತಿ, ಓರೆ ಮಾಡಿ ನೋಡಿದೆವು. ಜಪ್ಪಯ್ಯ ಎಂದರೂ ಇಲ್ಲ. ಅಣ್ಣ ಸಂದಿನ ಅಗಲ ಅಳೆದಿದ್ದ, ತಿರುವನ್ನು ಅಳೆದಿರಲಿಲ್ಲ. ಜೀವಮಾನವೆಲ್ಲ ಅಳತೆ ಹಿಡಿದವನು ತಾನೇ ಮಾಡಿದ ಬಳುಕನ್ನು ಮರೆತಿದ್ದ. ಬೈಕು ತಡೆಯಲು ಮಾಡಿದ್ದ ಬಳುಕು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು.

ಅತ್ತಿಗೆ ಎರಡು ಪಟ್ಟಿಗಳ ನಡುವೆ, ಬೋನಿನಲ್ಲಿ ಕೂತ ಹಾಗೆ ಕೂತಿದ್ದರು. ಆ ಕಡೆ ಈ ಕಡೆ ಸೈಕಲ್ಲಿನವರು ಸೇರಿದರು. ಒಬ್ಬ ಗಂಟೆ ಬಾರಿಸಿದ. “ಬಾರಿಸು, ಬಾರಿಸು, ಬಾಗಿಲು ತೆಗೀತಾರೆ!” ಎಂದು ನಾನು ಕೂಗಿದ ರಭಸಕ್ಕೆ ಅವನ ಕೈ ಗಂಟೆಯಿಂದ ಜಾರಿತು. ಇನ್ನೊಬ್ಬ, ಪಾಪ ಒಳ್ಳೆಯವನೇ, “ಅಮ್ಮನ್ನ ಎತ್ತಿ ಆಚೆ ಕೂರಿಸೋಣ, ಸೈಕಲ್ಲು ಮೇಲಿಂದ ದಾಟಿಸೋಣ,” ಎಂದು ಕೈಚಾಚಿದ.

“ಮುಟ್ಟಬೇಡಿ,” ಎಂದರು ಅತ್ತಿಗೆ. “ನಾನು ಮರಳು ಮೂಟೆ ಅಲ್ಲ.”

ಅವನು ಕೈ ಹಿಂದಕ್ಕೆ ತೆಗೆದ. ಹೊಳೆಯ ಸದ್ದು ಕೇಳುತ್ತಿತ್ತು. ಹೊಳೆ ಕಾಣುತ್ತಿರಲಿಲ್ಲ. ಅದು ಕಾಣುವುದು ಗೇಟಿನ ಆಚೆಯ ತಿರುವು ಕಳೆದ ಮೇಲೆ. ಹಿಂದಕ್ಕೆ ಎಳೆದುಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ಅತ್ತಿಗೆ ಗಂಟೆ ಮುಟ್ಟಲಿಲ್ಲ.

ಮಧ್ಯಾಹ್ನ ನಾನು ಗ್ಯಾಸ್ ಕಟರ್ ತಳ್ಳುಗಾಡಿಗೆ ಏರಿಸಿದೆ. ಅಣ್ಣ ಗಾಡಿಗೆ ಅಡ್ಡ ನಿಂತ.

“ಸರಿ ಆಚೆಗೆ. ಒಂದು ಪಟ್ಟಿ ತೆಗೆದ್ರೆ ಮುಗೀತು,” ಎಂದೆ.

“ಮುಗಿಯಲ್ಲ, ಶುರುವಾಗುತ್ತೆ. ಈ ಸೈಕಲ್ಲು ಹೋಗೋ ಜಾಗದಲ್ಲಿ ಬೈಕು ಹೋಗುತ್ತೆ. ಅವಳ ಕೈ ಮುರಿದಿದ್ದು ಮರೆತೆಯೇನೋ?”

“ನನಗೆ ಮರೆವಿಲ್ಲ. ನಿನಗೆ ಕಣ್ಣಿಲ್ಲ. ಮಂಚದ ಮೇಲೆ ಇರೋರು ಯಾರು?”

ಅಷ್ಟರಲ್ಲಿ ಸುದ್ದಿ ಕೇಳಿ ಮೇಷ್ಟ್ರು ಬಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ಆದರೆ ಅವರ ನೋವು ಸಮಿತಿಯ ಮೂಲಕವೇ ಹೊರಗೆ ಬರುತ್ತದೆ. “ನೋಡಪ್ಪಾ, ನೂರಾರು ಜನ ಓಡಾಡೋ ದಾರಿ. ಒಬ್ಬರಿಗೋಸ್ಕರ ತೆಗೆದ್ರೆ ನಾಳೆ ಯಾರಾದ್ರೂ ಬೈಕಿಗೆ ಸಿಕ್ಕಿದ್ರೆ ಯಾರು ಜವಾಬ್ದಾರಿ? ನೀನೇ ಹೇಳಿದ ಮಾತು ಇದು.” ಅದು ನಿಜ. ಗೇಟು ಬೇಕೆಂದು ಸಮಿತಿಯ ಮುಂದೆ ಅಣ್ಣ ಆಡಿದ ಮಾತೇ ಅದು. ಅಣ್ಣ ತಲೆ ತಗ್ಗಿಸಿದ.

ಒಳಗಿನಿಂದ ಅತ್ತಿಗೆ ಕರೆದರು. ನಡುವಿನ ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿತ್ತು. ಅಣ್ಣ ಒಳಗೆ ಹೋದ, ನಾನು ಹೊಸ್ತಿಲಲ್ಲಿ ನಿಂತೆ. ಮೇಷ್ಟ್ರು ನನ್ನ ಹಿಂದೆ.

“ರೀ, ಆ ಗೇಟು ಯಾರಿಗೋಸ್ಕರ ಹಾಕಿದ್ರಿ?”

“ನಿನಗೆ.”

“ನಂಗೊತ್ತು. ಹಾಕಿದ ವರ್ಷ ಒಬ್ಬ ಮನುಷ್ಯ ಬಂದಿದ್ದ, ಕೈಯಲ್ಲಿ ತಿರುಗಿಸಿಕೊಂಡು ಹೋಗೋ ಗಾಡಿಯವನು, ಕಾಲಿಲ್ಲ. ಗೇಟಿನ ತನಕ ಬಂದು ನೋಡಿ ವಾಪಸು ಹೋದ. ತೋಟದಲ್ಲಿ ನನ್ನ ಜೊತೆ ಒಬ್ಬಳು ಕೆಲಸ ಮಾಡ್ತಿದ್ಲು, ಅವಳಿ ಮಕ್ಕಳನ್ನ ಗಾಡೀಲಿ ಕೂರಿಸಿ ಸೈಕಲ್ಲಿಗೆ ಕಟ್ಕೊಂಡು ಬರ್ತಿದ್ಲು. ಗೇಟು ಹಾಕಿದ ಮೇಲೆ ಅವಳು ಕೆಲಸಾನೇ ಬಿಟ್ಲು.” ಉಸಿರು ತೆಗೆದುಕೊಂಡರು. “ನಾನು ನಿಮಗೆ ಹೇಳಲಿಲ್ಲ. ನನ್ನ ಸೈಕಲ್ಲು ದಾಟ್ತಿತ್ತಲ್ಲ.”

ಅಣ್ಣ ಮಂಚದ ಅಂಚಿನಲ್ಲಿ ಕೂತ. ಅತ್ತಿಗೆ ಅವನ ಮಂಡಿಯ ಮೇಲೆ ಎಡಗೈ ಇಟ್ಟರು.

“ಬೈಕಿನೋನು ನನ್ನ ಕೈ ಮುರಿದ. ಕೈ ಕೂಡ್ತು. ಇವತ್ತು ನಾನು ಅಲ್ಲಿ ಕೂತಿದ್ನಲ್ಲ, ಅದು ಕೂಡಲ್ಲ ರೀ.”

ಮೇಷ್ಟ್ರು ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಹೊರಟರು. ಬೀದಿಯ ತನಕ ಹೋದವರು ತಿರುಗಿ ಬಂದು, “ಸಮಿತಿಗೆ ನಾನು ಹೇಳ್ಕೋತೀನಿ,” ಎಂದು ನನಗೆ ಹೇಳಿ ಹೋದರು.

ಮರುದಿನ ಬೆಳಕು ಹರಿಯುತ್ತಲೇ ಅಣ್ಣ ತಾನೇ ತಳ್ಳುಗಾಡಿ ತಳ್ಳಿಕೊಂಡು ಹೋದ. ಆ ದಿನವೂ ಮೂರು ಸಲ ಅಳೆದ, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕಟರ್ ಹೊತ್ತಿಸಿ ನನ್ನ ಕೈಗೆ ಕೊಡಲಿಲ್ಲ. ಎರಡನೆಯ ಪಟ್ಟಿಯನ್ನು ಪೂರ್ತಿ ತೆಗೆದ, ಮೊದಲನೆಯದನ್ನು ಗಾಡಿಗಳು ದಾಟುವಷ್ಟು ಮೋಟು ಮಾಡಿದ. ಕತ್ತರಿಸಿದ ತುದಿ ಯಾರಿಗೂ ತರಚದಿರಲೆಂದು ಅರ ಹಿಡಿದು ನುಣುಪು ಮಾಡುತ್ತ ಬಹಳ ಹೊತ್ತು ಕೂತ. ಆ ತುದಿಯ ಗೇಟಿಗೂ ಹೋಗಿ ಹಾಗೆಯೇ ಮಾಡಿ ಬಂದ.

ಅತ್ತಿಗೆ ದಾಟಿದರು. ತಿರುವು ಕಳೆದು ಹೊಳೆ ಕಂಡಾಗ ಅವರು ಕತ್ತು ಆ ಕಡೆ ತಿರುಗಿಸಿದರು, ತೋಟದ ತನಕ ಈ ಕಡೆ ತಿರುಗಿಸಲಿಲ್ಲ. ಕಾಡಿನೊಳಗೆ ದಾರಿಯ ಮೇಲೆ ಎಲೆಗಳ ನೆರಳು ಅಲುಗುತ್ತಿತ್ತು. ಗಟ್ಟಿ ನೆಲದಲ್ಲಿ ಚಕ್ರದ ಕೆಳಗೆ ಕಲ್ಲುಪುಡಿ ಹುರಿದ ಕಾಳು ಅಗಿದ ಹಾಗೆ ಸದ್ದು ಮಾಡುತ್ತಿತ್ತು. ಜಲ್ಲಿ ದಪ್ಪಗಿದ್ದ ಕಡೆ ಚಕ್ರ ಹೂತರೆ ನಾನು ಇಳಿದು ನೂಕುತ್ತಿದ್ದೆ. ತೋಟದವರು ಓಡಿ ಬಂದರು. ಒಬ್ಬಾಕೆ ಅತ್ತಳು. ಅತ್ತಿಗೆ ಒಂದು ಚೀಲದ ಮಣ್ಣಿಗೆ ಬೆರಳು ಇಳಿಸಿ, “ಇಷ್ಟು ಒತ್ತಿ ತುಂಬಿದ್ರೆ ಬೇರು ಎಲ್ಲಿಗೆ ಹೋಗ್ಬೇಕು, ನಿನ್ನ ತಲೆಗಾ?” ಎಂದು ಬೈದ ಮೇಲೆ ಅವಳು ನಕ್ಕಳು.

ಆ ಬೇಸಿಗೆಯೆಲ್ಲ ಇಬ್ಬರೂ ಹೋದರು. ನಾನು ಶಾಪು ನೋಡಿಕೊಂಡೆ. ಕೆಲವು ದಿನ ತೋಟದ ತನಕ, ಆಯಾಸವಾದ ದಿನ ಹೊಳೆಯ ತಿರುವಿನ ತನಕ. ಅಲ್ಲಿ ಏನು ಮಾತಾಡಿಕೊಳ್ಳುತ್ತಿದ್ದರೋ ಗೊತ್ತಿಲ್ಲ. ವಾಪಸು ಬರುವಾಗ ಬೀದಿಯ ಆ ಕೊನೆಯಿಂದಲೇ ಗಂಟೆ ಕೇಳುತ್ತಿತ್ತು, ನಾನು ಒಲೆಯ ಮೇಲೆ ನೀರು ಇಡುತ್ತಿದ್ದೆ.

ಅಣ್ಣ ಹೇಳಿದಂತೆಯೇ ಬೈಕುಗಳೂ ಬಂದವು, ದಾರಿಯಲ್ಲಿ ಗುಂಡಿ ಬೀಳಿಸಿದವು. ಮೂಗು ಇರುವ ತನಕ ನೆಗಡಿ ತಪ್ಪುವುದಿಲ್ಲ. ನಾನು ಇಬ್ಬರು ಮೂವರ ಕೊರಳಪಟ್ಟಿ ಹಿಡಿದೆ. ಊರಲ್ಲಿ ಮಾತು ಶುರುವಾಯಿತು: ಹೆಂಡತಿಯ ತಿರುಗಾಟಕ್ಕೆ ಊರ ದಾರಿ ಕೆಡಿಸಿದ. ಅಣ್ಣನ ಕಿವಿಗೂ ಬಿತ್ತು.

ಮಳೆಗಾಲದ ಮೊದಲ ವಾರ ಅತ್ತಿಗೆಗೆ ಎರಡನೆಯ ಸಲ ಬಂತು. ಈ ಸಲ ಮಾತು ವಾಪಸು ಬರಲಿಲ್ಲ. ಕೆಲವು ದಿನ ಅಣ್ಣನ ಕೈ ಹಿಡಿದುಕೊಂಡೇ ಇದ್ದು, ಒಂದು ಮಧ್ಯಾಹ್ನ ಹೋದರು. ಒಂದಷ್ಟು ದಿನ ಶಾಪು ಮುಚ್ಚಿದೆವು. ನಡುವಿನ ಬಾಗಿಲಿನಿಂದ ಈಗ ಯಾವ ಮಾತೂ ಬರುವುದಿಲ್ಲ. ಅದನ್ನು ಅಭ್ಯಾಸ ಮಾಡಿಕೊಳ್ಳುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮಳೆ ನಿಂತ ಮೇಲೆ ಮೇಷ್ಟ್ರು ಬಂದರು. ಬೆಂಚಿನ ಮೇಲೆ ಕೂತು ಅತ್ತಿಗೆಯ ಬಗ್ಗೆ ಒಳ್ಳೆಯ ಮಾತು ಆಡಿದರು. ನೀರು ಕೇಳಿ ಕುಡಿದರು. ಲೋಟ ಕೆಳಗಿಟ್ಟು, “ನೋಡಪ್ಪಾ, ಕೇಳಬಾರದು, ಆದ್ರೂ ಕೇಳಬೇಕು. ಸಮಿತಿಯವರು ಒಂದೇ ಸಮ ಪೀಡಿಸ್ತಿದಾರೆ. ಈಗ ಆ ಪಟ್ಟಿ... ಮತ್ತೆ ಹಾಕಬಹುದಲ್ವಾ?” ಎಂದರು.

ನನ್ನ ನೆತ್ತಿಗೆ ಬೆಂಕಿ ಹತ್ತಿತು. “ಏನ್ ಮೇಷ್ಟ್ರೇ, ಅವರು ಹೋಗೋದನ್ನೇ ಕಾಯ್ತಿದ್ರಾ ನಿಮ್ಮ ಸಮಿತಿಯೋರು?”

“ಕಿಡಿ, ಸುಮ್ನಿರು,” ಎಂದ ಅಣ್ಣ. ಮೇಷ್ಟ್ರ ಕಡೆ ತಿರುಗಿದ. “ಹಾಕಕ್ಕೆ ಬರುತ್ತೆ ಮೇಷ್ಟ್ರೇ. ಪಟ್ಟಿ ಅಲ್ಲೇ ಮೂಲೇಲಿದೆ. ನಾನು ಹಾಕಲ್ಲ.”

“ಅಲ್ಲಪ್ಪಾ, ಯಾರಿಗೋಸ್ಕರ ತೆಗೆದೆಯೋ ಅವಳೇ...”

“ತೆಗೆದಿದ್ದು ಅವಳಿಗೆ. ಆಮೇಲೆ ಯಾರ್ಯಾರು ಬಂದ್ರು ಅಂತ ನೋಡಿದೀರಾ? ಕೈಗಾಡಿಯವನು ಬರ್ತಾನೆ, ವಾರಕ್ಕೊಂದು ಸಲ. ಕೋಲು ಊರೋ ಅಜ್ಜಿ ಮೊಮ್ಮಗಳ ಗಾಡೀಲಿ ಕೂತು ಬರ್ತಾಳೆ. ನಾನು ಇಷ್ಟು ವರ್ಷ ಅವರು ಇದಾರೆ ಅಂತಲೇ ತಿಳಿದಿರಲಿಲ್ಲ. ಯಾಕಂದ್ರೆ ಅವರು ಗೇಟಿನ ಹೊರಗೇ ಉಳಿದಿದ್ರು.” ಅಣ್ಣ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. “ಅವರ ಮುಂದೆ ಹೋಗಿ ನೀವು ಹೇಳಿ, ಆಮೇಲೆ ನಂಗೆ ಹೇಳಿ.”

ಮೇಷ್ಟ್ರು ಲೋಟವನ್ನು ಪಕ್ಕಕ್ಕೆ ಸರಿಸಿದರು. “ಮತ್ತೆ ಬೈಕು?”

“ಬೈಕಿಗೆ ನಾನಿದೀನಿ.”

ಮಾರನೆಯ ಬೆಳಿಗ್ಗೆ ಅಣ್ಣ ಮೂರು ಚಕ್ರದ ಸೈಕಲ್ ಹೊರಗೆ ತೆಗೆದ. ಕುರ್ಚಿಯಲ್ಲಿ ಬುಟ್ಟಿ ಇಟ್ಟು, ಜಲ್ಲಿಯನ್ನೂ ಕಲ್ಲುಪುಡಿಯನ್ನೂ ತುಂಬಿ, ಕಾರಿನ ಬೆಲ್ಟು ಬಿಗಿದ. ನಾನೂ ಹಿಂದೆ ಹೊರಟೆ, ರಾಡು ತೆಗೆದುಕೊಂಡಿದ್ದೆ. “ಅದನ್ನ ಇಟ್ಟು ಬಾ,” ಎಂದ. ಇಟ್ಟು ಬಂದೆ.

ಬರೆಗೂ ಹೊಳೆಗೂ ನಡುವೆ ದಾರಿ ಇಕ್ಕಟ್ಟಾಗುವ ಕಡೆ ಎದುರಿನಿಂದ ಬೈಕು ಬಂತು. ಸವಾರ ಹಾರ್ನ್ ಹೊಡೆದ. ಅಣ್ಣ ದಾರಿಯ ನಟ್ಟನಡುವೆ ನಿಲ್ಲಿಸಿ ಬ್ರೇಕು ಕಟ್ಟಿದ. ಮೂರು ಚಕ್ರದ ಅಕ್ಕಪಕ್ಕ ಉಳಿದದ್ದು ಒಬ್ಬ ಮನುಷ್ಯ ಓರೆಯಾಗಿ ನಡೆಯುವಷ್ಟು ಜಾಗ.

“ಸರೀರಿ ಸ್ವಾಮಿ, ಅರ್ಜೆಂಟಿದೆ,” ಎಂದ ಸವಾರ.

“ನಂಗಿಲ್ಲ,” ಎಂದ ಅಣ್ಣ.

ಸವಾರ ಎಂಜಿನ್ ಗುರುಗುಟ್ಟಿಸಿದ. ಅಣ್ಣನನ್ನು ನೋಡಿದ, ಬುಟ್ಟಿ ನೋಡಿದ, ಹಿಂದೆ ನನ್ನ ಮುಖ ನೋಡಿದ. ನಾನು ಬಾಯಿ ಬಿಡಲಿಲ್ಲ, ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಕೊನೆಗೆ ಅವನು ಎರಡೂ ಕಾಲು ನೆಲಕ್ಕೆ ಊರಿ, ಜಲ್ಲಿಯಲ್ಲಿ ಜಾರುತ್ತ, ಬೈಯುತ್ತ, ಬೈಕನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ, ಅಗಲ ಸಿಕ್ಕ ಕಡೆ ತಿರುಗಿಸಿ ರೊಯ್ಯನೆ ಬಿಟ್ಟ. ಚಕ್ರ ತಿರುಗಿದ ಕಡೆ ನೆಲ ಕಿತ್ತುಬಂದು ಗುಂಡಿಯಾಯಿತು.

ಅಣ್ಣ ಗುಂಡಿಯ ತನಕ ತುಳಿದುಕೊಂಡು ಹೋಗಿ ಇಳಿದ. ಬುಟ್ಟಿಯಿಂದ ಮೊದಲು ಜಲ್ಲಿ ಹಾಕಿದ, ಮೇಲೆ ಕಲ್ಲುಪುಡಿ ಹರಡಿದ, ಹೊಳೆಯಿಂದ ಬೊಗಸೆಯಲ್ಲಿ ನೀರು ತಂದು ಚಿಮುಕಿಸಿ ಕಾಲಿನಿಂದ ತುಳಿದು ಗಟ್ಟಿ ಮಾಡಿದ. ಸೈಕಲ್ ಹತ್ತಿ ಮುಂದಿನ ಗುಂಡಿಯ ಕಡೆ ಹೊರಟ.